ಅಟ್ಟೆಗೆ ಅಂಟಿದ ಒಲೆ

ನಾನು ಕಾಲು ತೊಳೆಯುತ್ತಿದ್ದವಳು. ಕಂಡವರ ಕಾಲು ಹಿಡಿದು ಮೇಲೆ ಬಂದವರು ಊರ ತುಂಬ ಇದ್ದಾರೆ. ಅವರು ಕದ್ದುಮುಚ್ಚಿ ಹಿಡಿಯುತ್ತಾರೆ. ನಾನು ಎಲ್ಲರೆದುರಿಗೆ ಸಂಬಳಕ್ಕೆ ಹಿಡಿಯುತ್ತಿದ್ದೆ, ಆದ್ದರಿಂದಲೇ ಕೂತಲ್ಲೇ ಕೂತಿದ್ದೆ.

ಕಾಡಿನ ಗೇಟು ದಾಟಿದ ಕೂಡಲೇ ಒಂದು ತಗಡಿನ ಮಾಡು. ಅದರಡಿ, ಕಾಡು ನೋಡಲು ಬಂದವರಿಗೆ ಬೆಂಚು, ಬೆಂಚಿನ ಮುಂದೆ ಹಲಗೆ, ಹಲಗೆಯ ಈಚೆ ನನ್ನ ಮೋಟು ಸ್ಟೂಲು. ಬಂದವರು ಬೂಟು ಬಿಚ್ಚುವುದಿಲ್ಲ. ಕೂತು ಕಾಲನ್ನು ಹಲಗೆಯ ಮೇಲಿಡುತ್ತಾರೆ. ಅವರ ಬೂಟಿನ ತುದಿ ನನ್ನ ಮೂಗಿನ ನೇರಕ್ಕೆ ಬರುತ್ತಿತ್ತು. ನಾನು ಮೊಂಡ ಚಾಕುವಿನಿಂದ ಅಟ್ಟೆಯ ಸಂದುಗಳಲ್ಲಿ ಸಿಕ್ಕಿದ್ದನ್ನು ಕೆದರಿ ತೆಗೆಯಬೇಕಿತ್ತು, ಬ್ರಶ್ಶಿನಿಂದ ಉಜ್ಜಬೇಕಿತ್ತು, ಆಮೇಲೆ ಟಬ್ಬಿನ ಔಷಧಿ ನೀರಿನಲ್ಲಿ ಅದ್ದಿಸಬೇಕಿತ್ತು. ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ. ಹೊರಗಿನ ಕಳೆಬೀಜ, ಕೊಳೆರೋಗ ಕಾಡಿಗೆ ಹೋಗಬಾರದು. ಕಾಡಿನದು ಒಂದು ಎಲೆಯೂ ಹೊರಗೆ ಬರಬಾರದು.

ಔಷಧಿ ನೀರು ಕೈಯ ಚರ್ಮ ತಿನ್ನುತ್ತದೆ. ನನ್ನ ಬೆರಳುಗಳ ನಡುವೆ ಬಿಳಿ ಬಿರುಕು. ಉಪ್ಪು ತಗುಲಿದರೆ ಕಣ್ಣಲ್ಲಿ ನೀರು ಬರುತ್ತದೆ. ಸುರುವಿನಲ್ಲಿ ಕೈಗವಸು ಕೊಟ್ಟಿದ್ದರು, ಹರಿದು ಹೋಯಿತು. ಹೊಸದು ಕೇಳಿದರೆ ಅರಣ್ಯ ಇಲಾಖೆಯ ಸಾಹೇಬರು, ಅದನ್ನು ಹಾಕಿಕೊಂಡು ಹಿಡಿದರೆ ಬಂದವರಿಗೆ ಅವಮಾನ ಮಾಡಿದ ಹಾಗೆ ಕಾಣುತ್ತದೆ ಅಂದರು. ಅವಮಾನ ಅನ್ನುವುದು ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತದೆ ಎಂದು ಆ ದಿನ ನನಗೆ ತಿಳಿಯಿತು.

ಗೇಟಿನ ಮೇಲೆ ದೊಡ್ಡ ಬೋರ್ಡು. 'ಮನುಷ್ಯರು ಎಂದೂ ವಾಸಿಸದ ಕಾಡಿಗೆ ಸ್ವಾಗತ.' ಓದಿ ಹೇಳಿದವನು ನನ್ನ ತಮ್ಮ. ಅವನು ಅದೇ ಗೇಟಿನ ಕಾವಲುಗಾರ, ಕಾಕಿ ಬಟ್ಟೆ, ಸೊಂಟದಲ್ಲಿ ಸೀಟಿ. ಓದಿ ಮುಗಿಸಿ ನನ್ನ ಮುಖ ನೋಡದೆ ಒಳಗೆ ಹೋದ. ನಾನು ನಕ್ಕೆ. ನಮ್ಮಿಬ್ಬರನ್ನೂ ಅವ್ವ ಹೆತ್ತದ್ದು ಆ ಕಾಡಿನೊಳಗಿನ ಹೊಳೆಯ ದಂಡೆಯಲ್ಲಿ. ನಾನು ನನ್ನ ಮಗಳನ್ನು ಹೆತ್ತದ್ದೂ ಅಲ್ಲೇ. ಅವಳು ಈಗಲೂ ಅಲ್ಲೇ ಇದ್ದಾಳೆ.

ಅವಳನ್ನು ಚಿಟ್ಟಿ ಎಂದು ಕರೆಯುತ್ತಿದ್ದೆವು. ಇಲಾಖೆಯವರು ನಮ್ಮನ್ನು ಕಾಡಿನಿಂದ ಎಬ್ಬಿಸುವ ಹೊತ್ತಿಗೆ ಅವಳಿಗೆ ಜ್ವರ. ಹೊತ್ತುಕೊಂಡು ಆಸ್ಪತ್ರೆಗೆ ಹೋಗುತ್ತೇವೆ ಅಂದರೆ, ಯಾಕೆ ಹೊರುತ್ತೀರಿ, ಮನೆ ಖಾಲಿ ಮಾಡಿಸಲು ಲಾರಿ ಬರುತ್ತಿದೆಯಲ್ಲ, ಅದರಲ್ಲೇ ಹಾಕಿಕೊಂಡು ಹೋಗುತ್ತೇವೆ ಅಂದರು. ನಂಬಿದೆವು. ಲಾರಿ ಬಂತು. ಚಿಟ್ಟಿ ಅದಕ್ಕೆ ಕಾಯಲಿಲ್ಲ.

ಲಾರಿಯವನು ಹಾರನ್ ಹೊಡೆಯುತ್ತಲೇ ಇದ್ದ. ಆ ಸದ್ದಿನಲ್ಲೇ ಗುಂಡಿ ತೋಡಿದೆವು. ಆಳ ಸಾಲಲಿಲ್ಲ. ಹಂದಿ ಕೆದರುತ್ತದೆ ಎಂದು ಹೆದರಿಕೆ, ಮೇಲೆ ಹೇರಲು ಹತ್ತಿರದಲ್ಲಿ ಕಲ್ಲಿಲ್ಲ. ನಾನು ಗುಡಿಸಲೊಳಗೆ ಹೋಗಿ ನನ್ನ ಒಲೆಯನ್ನು ಒನಕೆಯಿಂದ ಒಡೆದೆ. ಬಸುರಿಯಾಗಿದ್ದಾಗ ನಾನೇ ಮೆತ್ತಿದ ಒಲೆ, ಉರಿದು ಉರಿದು ಇಟ್ಟಿಗೆಯಾಗಿತ್ತು. ಒಂದು ಮಗ್ಗುಲು ಕೆಂಪು, ಒಂದು ಮಗ್ಗುಲು ಮಸಿ. ಕೊನೆಯ ಸಲ ಅಂಚು ಮೆತ್ತುವಾಗ ಚಿಟ್ಟಿ ಬಂದು ಹಸಿ ಮಣ್ಣಿಗೆ ನಾಲ್ಕೂ ಬೆರಳು ಒತ್ತಿದ್ದಳು. ಬೈದೆ, ಆದರೆ ಗುರುತು ಅಳಿಸಿರಲಿಲ್ಲ. ಆ ಒಲೆಯ ತುಂಡುಗಳನ್ನು ಸೆರಗಿನಲ್ಲಿ ತುಂಬಿ ತಂದು ಅವಳ ಮೇಲೆ ಒತ್ತೊತ್ತಾಗಿ ಹೇರಿದೆ. ಬೆರಳಿನ ಗುರುತಿದ್ದ ತುಂಡನ್ನು ತಲೆಯ ಕಡೆ ಇಟ್ಟೆ. ಆಮೇಲೆ ಲಾರಿ ಹತ್ತಿಸಿದರು. ಬೇಕಾದಾಗ ಬಂದು ನೋಡಿಹೋಗಿ ಎಂದು ಆಗಿನ ಸಾಹೇಬರು ಹೇಳಿದರು. ಅವರು ವರ್ಗವಾಗಿ ಹೋದರು. ಮಾತೂ ಅವರ ಸಾಮಾನಿನ ಜೊತೆ ಹೋಯಿತು.

ರಸ್ತೆಯಾಚೆ ತಗಡಿನ ಮನೆಗಳ ಸಾಲು ಕೊಟ್ಟರು. ಗಂಡ ಆ ವರ್ಷವೇ ಕೂಲಿ ಹುಡುಕಿಕೊಂಡು ಹೋದವನು ತಿರುಗಿ ಬರಲಿಲ್ಲ. ಕಾಡಿಗೆ ಬರಿಗಾಲವರು ಹೋಗುವಂತಿಲ್ಲ ಎಂದು ನಿಯಮ ಬಂತು. ಬರಿಗಾಲನ್ನು ಔಷಧಿಯಲ್ಲಿ ಅದ್ದಿದರೆ ಸುಡುತ್ತದಂತೆ, ಅದಕ್ಕೆ. ಅದೇ ಔಷಧಿಯಲ್ಲಿ ದಿನವಿಡೀ ನನ್ನ ಕೈ ಇರುತ್ತಿತ್ತು.

ಹೀಗೆ ನಡೆದುಹೋಗುತ್ತಿತ್ತು. ಚಿಟ್ಟಿ ಬದುಕಿದ್ದರೆ ನನ್ನ ಭುಜಕ್ಕೆ ಬರುವಷ್ಟು ಕಾಲವಾಯಿತು. ಒಂದು ಮಧ್ಯಾಹ್ನ ಕಾಡು ನೋಡಿ ಹೊರಬಂದ ಹೆಂಗಸೊಬ್ಬಳು ಹಲಗೆಯ ಮೇಲೆ ಕಾಲಿಟ್ಟಳು. ಚಾಕು ಹಾಕಿ ಕೆದರಿದೆ. ಅಟ್ಟೆಯ ಸಂದಿನಿಂದ ಗಟ್ಟಿಯಾದ ಒಂದು ಚೂರು ನನ್ನ ಅಂಗೈಗೆ ಬಿತ್ತು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು. ಒಂದು ಮಗ್ಗುಲು ಕೆಂಪು, ಒಂದು ಮಗ್ಗುಲು ಮಸಿ.

ಕಾಡಿನಲ್ಲಿ ಸುಟ್ಟ ಮಣ್ಣಿರುವುದಿಲ್ಲ. ಒಲೆ ಇದ್ದಲ್ಲಿ ಮಾತ್ರ ಇರುತ್ತದೆ. ಆ ಹೊಳೆದಂಡೆಯಲ್ಲಿ ಒಡೆದು ಬಿದ್ದ ಒಲೆ ಒಂದೇ ಒಂದು.

ಯಾವ ಕಡೆ ಹೋಗಿದ್ದಿರಿ ಎಂದು ಕೇಳಿದೆ. ಹೊಸ ದಾರಿ ಮಾಡಿದ್ದಾರೆ, ಹೊಳೆಯ ಹತ್ತಿರ, ತುಂಬ ಚೆನ್ನಾಗಿದೆ ಅಂದಳು. ದೊಡ್ಡ ಕೊಕ್ಕಿನ ಹಕ್ಕಿಯ ಗೂಡಿದೆಯಂತೆ. ಹೆಣ್ಣು ಮರಿಯ ಸಮೇತ ಮರದ ಪೊಟರೆಯೊಳಗೆ ಸೇರಿ, ಪೊಟರೆಯ ಬಾಯಿ ಮುಚ್ಚಿಕೊಂಡು ಕೂತಿರುತ್ತದಂತೆ, ಗಂಡು ಹಣ್ಣು ತಂದು ಸಣ್ಣ ಸೀಳಿನಲ್ಲಿ ತಿನ್ನಿಸುತ್ತದಂತೆ. ಅಲ್ಲೊಂದು ಪುಟ್ಟ ದಿಬ್ಬ ಇದೆ, ಅದರ ಮೇಲೆ ನಿಂತರೆ ಮಾತ್ರ ಕಾಣುತ್ತದೆ ಅಂದಳು. ಹೇಳುವಾಗ ಅವಳ ಕಣ್ಣು ಒದ್ದೆಯಾಗಿತ್ತು. ತಾಯಿ ಅಂದರೆ ಹೀಗಿರಬೇಕು ಅಂದಳು.

ಚೂರನ್ನು ಬಾಯಲ್ಲಿ ಹಾಕಿಕೊಂಡೆ. ಬೇರೆಲ್ಲಿ ಇಡಬೇಕೋ ತಿಳಿಯಲಿಲ್ಲ.

ಸಂಜೆ ತಮ್ಮನ ಮನೆಗೆ ಹೋದೆ. ಅವನು ಕಾಕಿ ಅಂಗಿ ಕಳಚಿ ಮೊಳೆಗೆ ತೂಗುಹಾಕುತ್ತಿದ್ದ. ಚೂರನ್ನು ಅವನ ಮುಂದಿಟ್ಟೆ. ನೋಡಿದ, ಏನಿದು ಎಂದು ಕೇಳಲಿಲ್ಲ. ಕೇಳದೆ ಇದ್ದದ್ದರಿಂದಲೇ ಗೊತ್ತಾಯಿತು.

"ದಾರಿ ಕಡಿದೋನು ನೀನೇನಾ?" ಅಂದೆ.

"ಹೇಳಿದ್ರು, ಮಾಡ್ದೆ ಅಕ್ಕ. ನಾನ್ ಬಿಟ್ರೆ ಇನ್ನೊಬ್ಬ ಮಾಡ್ತಿದ್ದ."

ಆಚೆ ತಿರುಗಿಸೋಣ ಎಂದು ಒಂದು ಸಲ ಹೇಳಿ ನೋಡಿದನಂತೆ. ಗೂಡು ಅಲ್ಲಿಂದಲೇ ಕಾಣುವುದು ಅಂದರಂತೆ. ಯಾಕೆ ತಿರುಗಿಸಬೇಕು ಎಂದು ಅವರು ಕೇಳಿದಾಗ ಇವನು ಗುದ್ದಲಿ ಎತ್ತಿಕೊಂಡನಂತೆ. ಹೆಗಲ ಮೇಲೆ ಹೊತ್ತು ಆಡಿಸಿದ ಸೋದರಮಾವ. ಚಿಟ್ಟಿಯ ತಲೆಯ ಮೇಲೆ ಗುದ್ದಲಿ ಹಾಕಿ ಮೆಟ್ಟಿಲು ಕಡಿದು ಬಂದವನು. ಅವನ ಮಕ್ಕಳು ಅಲ್ಲೇ ಕೂತು ಉಣ್ಣುತ್ತಿದ್ದರು, ಆದ್ದರಿಂದ ಉಗಿಯದೆ ಎದ್ದು ಬಂದೆ.

ಮರುದಿನ ಸಾಹೇಬರ ಕೋಣೆಗೆ ಹೋದೆ. ಗೋಡೆಯ ತುಂಬ ಹಕ್ಕಿಯ ಚಿತ್ರಗಳು, ಮೇಜಿನ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಒಂದು ಸತ್ತ ಚಿಟ್ಟೆ. ಸಾಹೇಬರು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವವರು. ದಾರಿಯನ್ನು ಒಂದು ಮಾರು ಆಚೆ ಸರಿಸಿದರೆ ಸಾಕು, ಅಲ್ಲಿ ನನ್ನ ಮಗಳನ್ನು ಹೂತಿದ್ದೇವೆ ಅಂದೆ. ಅವರು ಪೆನ್ನಿನ ಮುಚ್ಚಳ ಹಾಕಿ ಇಟ್ಟರು.

"ನೋಡು, ರಕ್ಷಿತ ಕಾಡಿನೊಳಗೆ ಹೆಣ ಇರೋ ಹಾಗಿಲ್ಲ. ಇದೆ ಅಂತ ನೀನು ಹೇಳಿದ್ರೆ ನಾನು ತೆಗೆಸ್ಬೇಕು, ಸುಡಿಸ್ಬೇಕು. ಹೂತೋರ ಮೇಲೆ ಕೇಸು ಬೇರೆ. ಈಗ ಯೋಚ್ನೆ ಮಾಡಿ ಹೇಳು. ಅಲ್ಲಿ ಸಮಾಧಿ ಇದೆಯಾ, ಇಲ್ವಾ?"

ಅತ್ತ ದರಿ ಇತ್ತ ಪುಲಿ ಎನ್ನುವುದನ್ನು ಗಾದೆ ಅಂದುಕೊಂಡಿದ್ದೆ. ಇದೆ ಅಂದರೆ ಗೊತ್ತಿಲ್ಲದವರ ಗುದ್ದಲಿ ಬೀಳುತ್ತದೆ, ಸೀಮೆಎಣ್ಣೆ ಸುರಿಯುತ್ತದೆ. ಇಲ್ಲ ಅಂದರೆ ದಿನವೂ ಮೆಟ್ಟುತ್ತಾರೆ. ಮೆಟ್ಟಲಿ, ಅಲ್ಲಿಯೇ ಇರುತ್ತಾಳಲ್ಲ ಅನ್ನಿಸಿತು.

"ಇಲ್ಲ ಸಾರ್," ಅಂದೆ.

"ಹಾಗಾದ್ರೆ ತೊಂದ್ರೆನೇ ಇಲ್ವಲ್ಲ," ಅಂದರು. ಬಾಗಿಲವರೆಗೆ ಬಂದು ಕಳಿಸಿಕೊಟ್ಟರು.

ಹೆತ್ತವಳ ಬಾಯಿಂದಲೇ ಇಲ್ಲ ಅನ್ನಿಸಿದರು. ಸತ್ತ ದಿನ ಅವಳು ನನಗೆ ಅಷ್ಟು ಸತ್ತಿರಲಿಲ್ಲ.

ಅವತ್ತಿನಿಂದ ನಾನು ಒಳ್ಳೆಯ ಕೆಲಸದವಳಾದೆ. ಹೊರಬಂದವರ ಬೂಟನ್ನು ಮಡಿಲಿಗೆಳೆದುಕೊಂಡು ಸಂದು ಸಂದು ಕೆದರಿದೆ. ಎಷ್ಟು ಶ್ರದ್ಧೆ ನೋಡಿ ಎಂದು ಬಂದವರು ಹೊಗಳಿದರು. ಕೆಲವರು ಫೋಟೋ ತೆಗೆದರು, ನಗು ಅಂದರು, ಹಲ್ಲು ಕಿರಿದೆ. ಒಬ್ಬ ನನ್ನ ತಲೆಯ ಮೇಲೆ ಕೈಯಿಟ್ಟು ಆಸರೆಗೆ ಹಿಡಿದುಕೊಂಡು ಇನ್ನೊಂದು ಕಾಲು ಎತ್ತಿದ. ಚೂರು ಸಿಕ್ಕಿದ ದಿನ ಬುತ್ತಿಯ ಡಬ್ಬಿಗೆ ಹಾಕಿಕೊಳ್ಳುತ್ತಿದ್ದೆ. ಡಬ್ಬಿ ತುಂಬುತ್ತಾ ಬಂತು. ಇಲ್ಲಿ ಒಲೆ ಸೇರುತ್ತಿದೆ ಅಂದರೆ ಅಲ್ಲಿ ಅವಳ ಮೇಲಿನ ಹೊದಿಕೆ ಹೋಗುತ್ತಿದೆ ಎಂದೇ ಅರ್ಥ. ಬೆರಳಿನ ಗುರುತಿದ್ದದ್ದು ಮಾತ್ರ ಬರಲಿಲ್ಲ.

ಮಳೆ ಜೋರಾದ ಮೇಲೆ ಒಬ್ಬ ದೊಡ್ಡ ಅತಿಥಿ ಬಂದ. ಈ ಕಾಡನ್ನು ಉಳಿಸಲು ಕೈತುಂಬ ಕೊಟ್ಟವನಂತೆ. ಜೊತೆಗೆ ಹೆಂಡತಿ. ಸಾಹೇಬರೇ ಕೊಡೆ ಹಿಡಿದರು. ಅತಿಥಿಗೆ ಮಂಡಿನೋವು, ನಿಂತು ನೋಡಲಾರ, ಮಡಚುವ ಕುರ್ಚಿಯನ್ನು ಹೊತ್ತು ತರಲು ಒಬ್ಬರು ಬೇಕಾಯಿತು. ಹೊರುವ ಆಳು ಬಂದಿರಲಿಲ್ಲ. ಅಕ್ಕ ಹೊರುತ್ತಾಳೆ ಎಂದು ತಮ್ಮ ಹೇಳಿದ. ಒಂದು ಸಲ ಹೋಗಿ ಬರಲಿ ಎಂದು ಅವನ ಮನಸ್ಸಿನಲ್ಲಿ ಇತ್ತೋ ಏನೋ. ಮಾಡಿದ್ದನ್ನು ಅಷ್ಟರಲ್ಲೇ ತೀರಿಸಿಕೊಳ್ಳಲು ನೋಡಿದ.

ಬಾಡಿಗೆ ಬೂಟು ಕೊಟ್ಟರು, ದೊಡ್ಡದು. ಬೆಂಚಿನ ಮೇಲೆ ಕೂರಲು ಬಿಡಲಿಲ್ಲ. ನಿಂತೇ ನನ್ನ ಅಟ್ಟೆ ನಾನೇ ತೊಳೆದುಕೊಂಡು ನನ್ನ ಕಾಡಿಗೆ ಹೋದೆ.

ಮರಗಳು ನನ್ನನ್ನು ಕರೆದವು, ಗುರುತು ಹಿಡಿದವು ಎಂದೆಲ್ಲ ನಾನು ಹೇಳುವುದಿಲ್ಲ. ಕುರ್ಚಿ ಭಾರವಿತ್ತು. ಬೂಟಿನೊಳಗೆ ರಕ್ತ ಹೀರುವ ಇಂಬಳ ಸೇರಿತು, ಕುರ್ಚಿ ಕೆಳಗಿಡುವಂತಿಲ್ಲ, ಇಂಬಳ ಕಿತ್ತುಕೊಳ್ಳುವಂತಿಲ್ಲ. ಮೇಲೆ ಎಲೆಗಳು ಮುಚ್ಚಿ ಹಗಲೇ ಮಬ್ಬು. ಬೇರುಗಳ ಮೇಲೆ ಹಲಗೆ ಹೊಡೆದು ದಾರಿ ಮಾಡಿದ್ದರು. ನಮ್ಮ ಗುಡಿಸಲಿದ್ದ ಕಡೆ ಕಸದ ಡಬ್ಬಿ ಇತ್ತು. ಮುಂದೆ ನಡೆಯುತ್ತಿದ್ದ ಸಾಹೇಬರು ತುಟಿಯ ಮೇಲೆ ಬೆರಳಿಟ್ಟರು.

"ಇಲ್ಲಿಂದ ಯಾರೂ ಜೋರಾಗಿ ಮಾತಾಡ್ಬೇಡಿ. ಗೂಡಲ್ಲಿ ತಾಯಿ ಮರಿ ಇದೆ. ನಮ್ಮಿಂದ ಅವಕ್ಕೆ ತೊಂದ್ರೆ ಆಗ್ಬಾರ್ದು."

ಆಮೇಲೆ ನಡೆದ ಜಗಳವೆಲ್ಲ ಪಿಸುಮಾತಿನಲ್ಲೇ ನಡೆಯಿತು.

ದಿಬ್ಬ ದಿಬ್ಬವಾಗಿ ಉಳಿದಿರಲಿಲ್ಲ. ಮಳೆಗೆ ಒಂದು ಮಗ್ಗುಲು ಜಾರಿ ಹೊಳೆಯ ಕಡೆ ಇಳಿದಿತ್ತು. ತುಳಿದು ತುಳಿದು ನಡುವೆ ತಗ್ಗು. ತಗ್ಗಿನ ತುಂಬ ಬೂಟಿನ ಅಚ್ಚುಗಳು, ಪ್ರತಿ ಅಚ್ಚೂ ನನಗೆ ಪರಿಚಯದ್ದು, ಒಂದೊಂದನ್ನೂ ನಾನೇ ಉಜ್ಜಿ ಕಳಿಸಿದ್ದೆ. ಕೆಂಪು ಚೂರುಗಳು ಎಲ್ಲಂದರಲ್ಲಿ.

ಅತಿಥಿ ಅದರ ಮೇಲೆ ನಿಂತು ಕತ್ತೆತ್ತಿ ನೋಡಿದ. ಇಲ್ಲೇ ಹಾಕು ಎಂದು ಕೈ ತೋರಿಸಿದ. ನಾನು ಹಾಕಲಿಲ್ಲ. ಸಾಹೇಬರು ಹಾಕು ಎಂದು ಪಿಸುಗುಟ್ಟಿದರು. ಕುರ್ಚಿಯನ್ನು ತಲೆಯ ಮೇಲೆಯೇ ಹಿಡಿದುಕೊಂಡು ನಿಂತೆ. ತಲೆ ಕೆಟ್ಟಿದೆಯಾ ನಿನಗೆ, ನಾಳೆಯಿಂದ ಬರಬೇಡ ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದರು. ಬೈಗುಳವನ್ನೂ ಅಷ್ಟು ಮೆಲ್ಲಗೆ ಬೈಯಬಹುದು ಎಂದು ನನಗೆ ಗೊತ್ತಿರಲಿಲ್ಲ. ಅತಿಥಿ ಕಾಯದೆ ಕುರ್ಚಿಯನ್ನು ನನ್ನ ತಲೆಯಿಂದ ಎಳೆದುಕೊಂಡ. ಬಿಚ್ಚಿ ಊರಿದ. ಕೂತ. ಅವನ ಭಾರಕ್ಕೆ ಹಿಂದಿನ ಎರಡು ಕಾಲುಗಳು ಮಣ್ಣಿನೊಳಗೆ ಇಳಿದವು. ಇಳಿಯುವುದನ್ನು ನಾನು ನೋಡಿದೆ. ಚಿಟ್ಟಿಯ ಎದೆ ಎಲ್ಲಿದೆ ಎಂದು ನನಗೆ ಗೊತ್ತಿತ್ತು.

"ಏಳು," ಅಂದೆ. ನಾನು ಪಿಸುಗುಟ್ಟಲಿಲ್ಲ. "ಏಳೋ ಮೇಲೆ. ನನ್ನ ಮಗಳ ಮೇಲೆ ಕೂತಿದ್ದೀಯ."

ಹಣ್ಣು ತಂದಿದ್ದ ಗಂಡು ಹಕ್ಕಿ ಹಾರಿತು. ದೊಡ್ಡ ರೆಕ್ಕೆಯ ಸದ್ದು ಕಾಡೆಲ್ಲ ಕೇಳಿಸಿತು. ಅತಿಥಿಯ ಹೆಂಡತಿ, ಅಯ್ಯೋ ಹೋಯಿತು ಅಂದಳು.

ಅವನು ಎದ್ದ. ನಾನು ಕುರ್ಚಿಯನ್ನು ಒದ್ದು ಮೊಣಕಾಲೂರಿದೆ. ಗೊತ್ತಿಲ್ಲದವರ ಗುದ್ದಲಿ ಬೀಳುವುದಾದರೆ ಅದಕ್ಕಿಂತ ಮೊದಲು ನನ್ನ ಕೈ ಬೀಳಲಿ. ಹತ್ತು ಬೆರಳಿನಿಂದ ತೋಡಿದೆ. ಔಷಧಿಯ ಬಿರುಕುಗಳಲ್ಲಿ ಮಣ್ಣು ಹೊಕ್ಕಿತು, ರಕ್ತ ಬಂತು. ಸಾಹೇಬರು ನನ್ನ ರಟ್ಟೆ ಹಿಡಿದರು. ಕೊಡವಿದೆ. ಮೊಣಕೈ ಆಳಕ್ಕೇ ಸಿಕ್ಕಳು. ಸಿಕ್ಕಿದ್ದು ಬಹಳವಲ್ಲ. ಸುತ್ತಿದ್ದ ನನ್ನ ಹಳೆಯ ಸೀರೆಯ ಅಂಚು, ಅದರೊಳಗೆ ಅವಳು. ಒಂದು ಸೆರಗಿಗೆ ಸಾಕಾಯಿತು.

ಅತಿಥಿಯ ಮುಖ ಕೆಂಪಾಗಿತ್ತು. ಸಿಟ್ಟು ನನ್ನ ಮೇಲಲ್ಲ, ಸಾಹೇಬರ ಮೇಲೆ.

"ಇಲ್ಲಿ ಯಾರೂ ಯಾವತ್ತೂ ಇರ್ಲಿಲ್ಲ ಅಂದಿದ್ರಲ್ಲ ನೀವು? ಅದಕ್ಕೇ ಅಲ್ವಾ ನಾನು ಕೊಟ್ಟಿದ್ದು?"

ಕೆಟ್ಟ ಸಾಮಾನು ಕೊಟ್ಟ ಅಂಗಡಿಯವನನ್ನು ಕೇಳಿದ ಹಾಗೆ ಕೇಳಿದ. ಸಾಹೇಬರು ಬಗ್ಗಿ ನನ್ನ ಕಿವಿಯ ಹತ್ತಿರ ಬಂದರು.

"ಜಿಂಕೆ ಮರಿ ಮೂಳೆ ಅಂತ ಹೇಳು. ಅಷ್ಟೇ ಹೇಳು ಸಾಕು. ಕೇಸು ಇರಲ್ಲ, ಕೆಲ್ಸನೂ ಇರತ್ತೆ. ಒಂದು ಮಾತು."

ಅವರ ಕೋಣೆಯಲ್ಲಿ ಒಂದು ಮಾತು ಹೇಳಿದ್ದೆ.

"ಇವಳು ನನ್ನ ಮಗಳು," ಅಂದೆ ಅತಿಥಿಗೆ. "ನಾನು ಹುಟ್ಟಿದ್ದೂ ಇಲ್ಲೇ. ಇವರ ಲಾರಿಗೆ ಕಾದು ಸತ್ತಳು. ನಿಮ್ಮ ಬೋರ್ಡು ಸುಳ್ಳು. ನೀವು ಕೊಟ್ಟಿದ್ದು ಸುಳ್ಳಿಗೆ."

ಚದುರಿದ್ದ ಒಲೆಯ ತುಂಡುಗಳಲ್ಲಿ ಕೈಗೆ ಸಿಕ್ಕಷ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಬೆರಳಿನದು ಅಲ್ಲಿರಲಿಲ್ಲ. ಬೂಟನ್ನು ಅಲ್ಲೇ ಬಿಚ್ಚಿ ಬಿಸಾಡಿ ಬರಿಗಾಲಲ್ಲಿ ಹೊರಟೆ. ಅವರು ಹಿಂದೆ ಹಿಂದೆ ಬಂದರು.

ಗೇಟಿನಲ್ಲಿ ತಮ್ಮ ನಿಂತಿದ್ದ. ನನ್ನ ಸೆರಗು ನೋಡಿ ಅವನ ಕೈಯಿಂದ ಬೀಗದ ಕೈ ಬಿತ್ತು. ಸಾಹೇಬರು ಸೀಟಿ ಊದು ಅಂದರು. ಅವನು ಊದಲಿಲ್ಲ, ಗೇಟನ್ನೂ ತೆರೆಯಲಿಲ್ಲ. ಎತ್ತಲೂ ಸೇರದೆ ನಿಂತ. ಬೆಂಚಿನ ಮೇಲೆ ಒಳಗೆ ಹೋಗುವವರು ಸಾಲಾಗಿ ಕೂತು ಕಾಲು ಚಾಚಿಕೊಂಡು ಕಾಯುತ್ತಿದ್ದರು. ಅಷ್ಟು ಜನರ ಮುಂದೆ ಸಾಹೇಬರಿಗೆ ಮತ್ತೆ ಬೆಣ್ಣೆಯಂಥ ಮಾತು ಬಂತು.

"ಹೋಗು, ಬೇಡ ಅನ್ನಲ್ಲ. ಆದ್ರೆ ಕಾಡಿಂದ ಹೊರಗೆ ಹೋಗೋದು ಯಾವುದಾದ್ರೂ ಟಬ್ಬಲ್ಲಿ ಅದ್ದೇ ಹೋಗ್ಬೇಕು. ನಿಯಮ ನಿನಗೆ ಗೊತ್ತಲ್ಲ. ಅದನ್ನ ಅದ್ದು, ಹೋಗು."

ಟಬ್ಬು ನೋಡಿದೆ. ಬೆಳಿಗ್ಗೆ ನಾನೇ ತುಂಬಿದ ನೀರು. ಎಷ್ಟು ಜನರ ಅಟ್ಟೆಯ ಹೊಲಸು ಅದರಲ್ಲಿ ಕದಡಿತ್ತು. ಅದರಲ್ಲಿ ಚಿಟ್ಟಿಯನ್ನು.

ಒಂದು ಕೈಯಲ್ಲಿ ಸೆರಗು ಹಿಡಿದುಕೊಂಡು ಟಬ್ಬಿಗೆ ಕಾಲು ಕೊಟ್ಟೆ. ಮಗುಚಿತು. ಔಷಧಿ ನೀರು ಬೆಂಚಿನಡಿ ಹರಿದು ಸಾಹೇಬರ ಪಾದ, ಅತಿಥಿಯ ಪಾದ, ಅವನ ಹೆಂಡತಿಯ ಪಾದ ಎಲ್ಲವನ್ನೂ ನೆನೆಸಿತು. ಕಾಯುತ್ತಿದ್ದವರು ಕಾಲು ಮೇಲೆತ್ತಿಕೊಂಡರು. ನನ್ನ ಬರಿಗಾಲೂ ಸುಟ್ಟಿತು. ಬ್ರಶ್ಶನ್ನು ಎತ್ತಿ ಸಾಹೇಬರ ಎದೆಗೆ ಎಸೆದೆ.

"ನೀವೇ ತೊಳ್ಕೊಳಿ," ಅಂದೆ.

ಆಗ ತಮ್ಮ ಬಂದ. ಅವನ ಕೈಯಲ್ಲಿ ಅವನು ಕುಡಿಯುವ ನೀರಿನ ಬಾಟಲಿ ಇತ್ತು. ಮುಚ್ಚಳ ತೆಗೆದು ಬಗ್ಗಿಸಿದ. ನಾನು ಸೆರಗು ಬಿಚ್ಚಿದೆ. ಅವನು ನೀರು ಬಿಟ್ಟ, ನಾನು ತೊಳೆದೆ. ಎಲ್ಲರೂ ನೋಡುತ್ತಿದ್ದರು. ನೋಡಲೆಂದೇ ತಾನೆ ಬಂದವರು. ಆಮೇಲೆ ಗೇಟು ತೆರೆದ.

ಬಡವನ ಸಿಟ್ಟು ದವಡೆಗೆ ಮೂಲ ಅನ್ನುತ್ತಾರೆ. ದವಡೆಗೇ ಬಂತು. ಪೊಲೀಸರು ಬಂದರು, ಹೊಡೆದರು, ರಕ್ಷಿತ ಕಾಡನ್ನು ಅಗೆದ ಕೇಸು ಹಾಕಿದರು. ಈಗ ಎಡಗಡೆ ಅಗಿಯಲು ಆಗುವುದಿಲ್ಲ. ಚಿಟ್ಟಿಯನ್ನು ಮಾತ್ರ ಅವರು ಬರುವ ಮೊದಲೇ ನನ್ನ ತಗಡಿನ ಮನೆಯೊಳಗೆ ತೋಡಿ ಮಲಗಿಸಿದ್ದೆ. ಈ ಸಲ ಆಳವಾಗಿ. ಅವಳ ಮೇಲೆಯೇ ಆ ತುಂಡುಗಳಿಂದ ಒಲೆ ಕಟ್ಟುತ್ತಿದ್ದೇನೆ, ಹಸಿ ಮಣ್ಣು ಮೆತ್ತಿ, ಚೂರು ಚೂರು ಜೋಡಿಸಿ. ಅಂಚಿನಲ್ಲಿ ಒಂದು ತುಂಡಿನ ಜಾಗ ತೆರೆದುಕೊಂಡೇ ಇದೆ.

ಬೋರ್ಡು ಹಾಗೆಯೇ ಇದೆ. ದಾರಿಯೂ ಇದೆ, ತಗ್ಗಿಗೆ ಮಣ್ಣು ತುಂಬಿ ಬೆಂಚು ಹಾಕಿದ್ದಾರಂತೆ. ತಮ್ಮನ ಕಾಕಿ ಬಟ್ಟೆ, ಸೀಟಿ ಕಿತ್ತುಕೊಂಡರು. ಮನೆಗೆ ಕಳಿಸಲಿಲ್ಲ. ನನ್ನ ಮೋಟು ಸ್ಟೂಲಿನ ಮೇಲೆ ಕೂರಿಸಿದರು. ಈಗ ಕಾಲು ತೊಳೆಯುವವನು ಅವನು.

ಸಂಜೆ ಬರುತ್ತಾನೆ. ಬಾಗಿಲ ಹೊರಗೇ ನಿಲ್ಲುತ್ತಾನೆ. ಜೇಬಿನಿಂದ ಕೆಂಪು ಚೂರುಗಳನ್ನು ತೆಗೆದು ಹೊಸ್ತಿಲ ಮೇಲೆ ಇಡುತ್ತಾನೆ. ಅವನ ಬೆರಳ ನಡುವೆಯೂ ಬಿಳಿ ಬಿರುಕು ಬಿಟ್ಟಿದೆ. ಒಳಗೆ ಬಾ ಎಂದು ನಾನು ಕರೆಯುವುದಿಲ್ಲ. ಒಂದೊಂದನ್ನೂ ತಿರುಗಿಸಿ ತಿರುಗಿಸಿ ನೋಡುತ್ತೇನೆ.

ನಿನ್ನೆ ಅವನೇ ಬಾಯಿಬಿಟ್ಟ.

"ಬೆರಳಿನ ಗುರುತಿರೋದು ಸಿಗ್ಲಿಲ್ಲ ಅಕ್ಕ."

"ಸಿಗೋವರೆಗೂ ತೊಳಿ," ಅಂದೆ.